ಒಂಬತ್ತು ಸಲ 'ಸೋ ಕಾಲ್ಡ್'

ನಮಸ್ಕಾರ.

1918ರ ಫ್ಲೂ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಒಳ್ಳೆಯದು, ಓದಿಸಿಕೊಂಡೂ ಹೋಗುತ್ತದೆ. ಆದರೆ ಈಗಿರುವ ಹಾಗೆ ಹಾಕಲಾರೆ. ಅಡ್ಡ ಬಂದಿರುವುದು 'ಸೋ ಕಾಲ್ಡ್' ಅನ್ನುವ ಪದ. ನಾಲ್ಕು ಪುಟದಲ್ಲಿ ಒಂಬತ್ತು ಸಲ ಬಂದಿದೆ. ಎಣಿಸಿದೆ, ಬೇಜಾರು ಮಾಡಿಕೊಳ್ಳಬೇಡಿ.

ಇಂಗ್ಲಿಷಿನಲ್ಲಿ ಈ ಪದಕ್ಕೆ ಎರಡು ಕೆಲಸ. ಒಂದು, ಓದುಗರಿಗೆ ಹೊಸದಾದ ಹೆಸರನ್ನು ಪರಿಚಯ ಮಾಡಿಕೊಡುವುದು. ಇನ್ನೊಂದು, 'ಹೆಸರೇನೋ ಹಾಗಿದೆ, ನಾನಂತೂ ಒಪ್ಪಲ್ಲ' ಅಂತ ಮೂಗು ಮುರಿಯುವುದು. ನಮ್ಮ ಮಾತಿಗೆ ಜಾಸ್ತಿ ಬಂದಿರುವುದು ಎರಡನೆಯದೇ. ಟಿವಿ ಚರ್ಚೆಯಲ್ಲಿ 'ಸೋ ಕಾಲ್ಡ್ ಬುದ್ಧಿಜೀವಿಗಳು' ಅಂದರೆ ಅದು ಬೈಗುಳವೇ ಅಲ್ವಾ? ಹಾಗಿರುವಾಗ 'ಬೆಂಗಳೂರಿನ ಸೋ ಕಾಲ್ಡ್ ವೈದ್ಯರು ಹಗಲಿರುಳು ದುಡಿದರು' ಅಂತ ಬರೆದಿದ್ದೀರಿ. ಹೊಗಳಲು ಹೋಗಿ ಅವರನ್ನು ನಕಲಿ ವೈದ್ಯರನ್ನಾಗಿ ಮಾಡಿಬಿಟ್ಟಿರಿ! ಸುಮ್ನೆ 'ವೈದ್ಯರು' ಸಾಕು.

'ಸ್ಪ್ಯಾನಿಷ್ ಫ್ಲೂ' ಮುಂದೆ ಮಾತ್ರ ಈ ಪದಕ್ಕೆ ನಿಜವಾದ ಕೆಲಸವಿದೆ. ಆ ಕಾಯಿಲೆ ಸ್ಪೇನಿನಲ್ಲಿ ಹುಟ್ಟಿತು ಅನ್ನಲು ಆಧಾರವಿಲ್ಲ. ಮೊದಲ ಮಹಾಯುದ್ಧದಲ್ಲಿ ಕಾದಾಡುತ್ತಿದ್ದ ದೇಶಗಳು ರೋಗದ ಸುದ್ದಿಯನ್ನು ಅದುಮಿಟ್ಟಿದ್ದವು. ಸ್ಪೇನ್ ಯುದ್ಧಕ್ಕೆ ಇಳಿದಿರಲಿಲ್ಲ. ಅಲ್ಲಿನ ಪತ್ರಿಕೆಗಳು ಇದ್ದದ್ದನ್ನು ಬರೆದವು. ರಾಜ ಹದಿಮೂರನೇ ಅಲ್ಫಾನ್ಸೊ ಹಾಸಿಗೆ ಹಿಡಿದದ್ದೂ ಸುದ್ದಿಯಾಯಿತು. ಬಾಯಿಬಿಟ್ಟವರ ತಲೆಗೇ ಹೆಸರು ಅಂಟಿತು. ಇಷ್ಟು ಒಳ್ಳೆಯ ಕತೆ ಬಿಟ್ಟು, 'ಸ್ಪ್ಯಾನಿಷ್ ಫ್ಲೂ ಎಂದು ಕರೆಯಲ್ಪಡುವ' ಅಂತ ಒಮ್ಮೆ ಹೇಳಿ ಮುಂದೆ ಹೋಗಿದ್ದೀರಿ. 'ಕರೆಯಲ್ಪಡುವ' ಯಾರ ಬಾಯಲ್ಲೂ ಬರುವ ಮಾತಲ್ಲ. ಹೆಸರಿನ ಮೇಲಿನ ಅನುಮಾನವೂ ಅದರಲ್ಲಿ ಕಾಣುವುದಿಲ್ಲ. 'ಸ್ಪೇನಿನ ಹೆಸರು ಅಂಟಿಸಿಕೊಂಡ ಫ್ಲೂ' ಅಂದು ನೋಡಿ.

'ಎನ್ನಲಾದ' ಕೂಡ ಬೇಡ. 'ಕಳ್ಳತನ ಮಾಡಿದ್ದಾನೆ ಎನ್ನಲಾದ' ಅಂತ ಪೊಲೀಸ್ ಸುದ್ದಿಯಲ್ಲಿ ಬರುತ್ತದಲ್ಲ, ಅದು ಆರೋಪದ ಮಾತು. ಹೆಸರು ಪರಿಚಯಿಸಲು 'ಎಂಬ' ಸಾಕು. ಚುಚ್ಚಲೇಬೇಕಾದರೆ ನಮ್ಮಲ್ಲೇ 'ಅನ್ನಿಸಿಕೊಂಡವರು' ಇದೆ. 'ದೊಡ್ಡವರು ಅನ್ನಿಸಿಕೊಂಡವರೇ ಹೀಗೆ ಮಾಡಿದರೆ?' ಅನ್ನುವುದನ್ನು ಯಾವ ಮನೆಯಲ್ಲಿ ಕೇಳಿಲ್ಲ ಹೇಳಿ!

ಇನ್ನೊಂದು ಚಿಲ್ಲರೆ ತಕರಾರು. ಅನುಮಾನದ ಪದ ಹಾಕಿದ ಮೇಲೆ ಹೆಸರಿನ ಸುತ್ತ ಉದ್ಧರಣ ಚಿಹ್ನೆಯನ್ನೂ ಹಾಕಬೇಡಿ. ಎರಡೂ ಮಾಡುವುದು ಒಂದೇ ಕೆಲಸ.

ಸ್ಪೇನಿನ ಕತೆಯನ್ನು ಮೊದಲ ಪ್ಯಾರಾಕ್ಕೆ ತನ್ನಿ. ತಿದ್ದಿ ಕಳಿಸಿ, ಮತ್ತೆ ಓದುತ್ತೇನೆ.

— ಸಂಪಾದಕ