ತೋಟದಲ್ಲಿ ಉಣುಗು ಕಚ್ಚಿದರೆ ಸುಣ್ಣ ಹಚ್ಚಬೇಡಿ

ಪೊನ್ನಂಪೇಟೆ ಕಡೆ ಕಾಫಿ ಕೊಯ್ಲಿನಲ್ಲಿ ಉಣುಗು ಕಚ್ಚಿತು, ಸುಣ್ಣ ಹಚ್ಚಿದರೂ ಬಿಡಲಿಲ್ಲ, ಕಿತ್ತು ವಾರವಾದರೂ ಗಂಟು, ತುರಿಕೆ ಹೋಗಿಲ್ಲ, ಮಂಗನ ಕಾಯಿಲೆ (ಉಣುಗಿನಿಂದ ಹರಡುವ ವೈರಸ್ ಜ್ವರ) ಬರುತ್ತದಾ ಎಂದು ಕೇಳಿದ್ದೀರಿ.

ಗಂಟಿಗೆ ಹೆದರಬೇಡಿ. ಉಣುಗಿನ ಜೊಲ್ಲಿಗೆ ಚರ್ಮ ಕೆರಳಿ ಹಾಗಾಗುತ್ತದೆ, ಕೆಲವರಿಗೆ ವಾರಗಟ್ಟಲೆ ಇರುತ್ತದೆ. ಕೆರೆದು ಕೀವು ಮಾಡಿಕೊಳ್ಳದಿದ್ದರೆ ಸಾಕು. ನೀವು ಕಾಯಬೇಕಾದ್ದು ಜ್ವರವನ್ನು.

ಸುಣ್ಣ, ಉಪ್ಪು, ಹೊಗೆಸೊಪ್ಪು ಮಳೆಗಾಲದ ಜಿಗಣೆಗೆ ಹಚ್ಚುವಂಥವು, ಉಣುಗಿಗಲ್ಲ. ಉಣುಗಿನ ಮೂತಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳುಗಳಿವೆ, ಎಷ್ಟೋ ಜಾತಿಗಳು ಜೊತೆಗೆ ಅಂಟನ್ನೂ ಸುರಿಸಿ ಭದ್ರವಾಗಿ ಕೂರುತ್ತವೆ. ಸೀಮೆಎಣ್ಣೆ ಸುರಿದರೆ, ಬೆಂಕಿಕಡ್ಡಿ ಮುಟ್ಟಿಸಿದರೆ ಅದು ಗಾಯದೊಳಗೇ ಇನ್ನಷ್ಟು ಜೊಲ್ಲು ಬಿಡಬಹುದು. ಹುಬ್ಬು ಕೀಳುವ ಚೂಪು ಚಿಮಟ ತೆಗೆದುಕೊಳ್ಳಿ. ಹೊಟ್ಟೆಯನ್ನು ಅದುಮದೆ, ಚರ್ಮಕ್ಕೆ ತಾಗಿದಂತೆ ಮೂತಿಯ ಬುಡದಲ್ಲೇ ಹಿಡಿದು, ತಿರುಚದೆ, ಒಂದೇ ಸಮನೆ ನೇರ ಮೇಲಕ್ಕೆ ಎಳೆಯಿರಿ. ಜೊತೆಗೆ ಚರ್ಮವೂ ತುಸು ಎದ್ದು ಬರುತ್ತದೆ, ಆಗ ಜಗ್ಗಬೇಡಿ, ಹಾಗೇ ಹಿಡಿದಿರಿ, ಬಿಡುತ್ತದೆ. ಮೂತಿ ಮುರಿದು ಉಳಿದರೆ ಸೂಜಿಯಿಂದ ಬಗೆಯಬೇಡಿ, ಚರ್ಮವೇ ಅದನ್ನು ಹೊರಗೆ ತಳ್ಳುತ್ತದೆ. ಆಮೇಲೆ ಸೋಪು ನೀರು, ಸ್ಪಿರಿಟ್. ಕಿತ್ತದ್ದನ್ನು ಉಗುರಿನಲ್ಲಿ ಕುಕ್ಕಬೇಡಿ, ಟೇಪಿನಲ್ಲಿ ಸುತ್ತಿ ಎಸೆಯಿರಿ. ಕಚ್ಚಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ, 14 ದಿನ ಗಮನವಿಡಿ.

ಎಲ್ಲ ಉಣುಗಿನಲ್ಲೂ ರೋಗವಿರುವುದಿಲ್ಲ. ಆದರೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ 2015ರಲ್ಲಿ ಕೊಡಗಿನ ಗಡಿಯ ಕುಟ್ಟದಾಚೆ, ಕೇರಳದ ವಯನಾಡಿನಲ್ಲೂ ಹಬ್ಬಿತ್ತು, ಹಾಗಾಗಿ ನಮ್ಮ ಕಡೆ ಉಡಾಫೆ ಸಲ್ಲದು. ಕಚ್ಚಿದ 3ರಿಂದ 8 ದಿನಕ್ಕೆ ಏಕಾಏಕಿ ಜೋರು ಜ್ವರ, ತಡೆಯಲಾರದ ತಲೆನೋವು, ಸೊಂಟ ಕಾಲುಗಳ ಸೆಳೆತ ಬರುತ್ತದೆ. ಪ್ಲೇಟ್‌ಲೆಟ್ ಇಳಿಯುವುದರಿಂದ ಡೆಂಗಿ ಎಂದುಕೊಳ್ಳುವುದೂ ಉಂಟು. ಆದ್ದರಿಂದ ಡಾಕ್ಟರ್ ಹತ್ತಿರ ಹೋದ ಕೂಡಲೇ 'ತೋಟದಲ್ಲಿ ಇಂಥ ದಿನ ಉಣುಗು ಕಚ್ಚಿದೆ' ಎಂದು ನೀವಾಗಿಯೇ ಹೇಳಿ. ಈ ಒಂದು ಮಾತಿನಿಂದ ಯಾವ ಪರೀಕ್ಷೆ ಮಾಡಿಸಬೇಕೆಂಬುದೇ ಬದಲಾಗುತ್ತದೆ. ವೈರಸ್ ಪತ್ತೆಯ ಆರ್‌ಟಿ-ಪಿಸಿಆರ್‌ಗೆ ಜ್ವರದ ಮೊದಲ ದಿನಗಳ ರಕ್ತವೇ ಬೇಕು. ರೋಗ ಯಾವುದೆಂದು ಗೊತ್ತಾಗುವವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ರಕ್ತಸ್ರಾವದ ಭಯವಿರುವುದರಿಂದ ಆಸ್ಪಿರಿನ್, ಬ್ರೂಫೆನ್, ಡೈಕ್ಲೋಫೆನಾಕ್ ಬೇಡವೇ ಬೇಡ. ಜ್ವರ ಬಿಟ್ಟು ವಾರ ಎರಡು ವಾರದಲ್ಲಿ ಮತ್ತೆ ಬಂದು, ತಲೆನೋವು, ನಡುಕ, ಮಂಕು ಕಂಡರೆ ತಡಮಾಡದೆ ಆಸ್ಪತ್ರೆಗೆ ಸೇರಿಸಿ.

ಜ್ವರದ ಜೊತೆ ಅಂಗೈ ಅಂಗಾಲಿನಲ್ಲೂ ಕೆಂಪು ಗುಳ್ಳೆ ಎದ್ದರೆ ಉಣುಗಿನಿಂದ ಬರುವ ಟೈಫಸ್ ಇರಬಹುದು. ಅದು ಬ್ಯಾಕ್ಟೀರಿಯಾ, ಡಾಕ್ಟರ್ ಬರೆದುಕೊಡುವ ಡಾಕ್ಸಿಸೈಕ್ಲಿನ್‌ಗೆ ಬೇಗ ಬಗ್ಗುತ್ತದೆ. ಮಂಗನ ಕಾಯಿಲೆಗೆ ಆ ಮಾತ್ರೆ ನಾಟುವುದಿಲ್ಲ.

ಕೊಯ್ಲು ಮುಗಿಯುವವರೆಗೆ ಪ್ಯಾಂಟನ್ನು ಸಾಕ್ಸಿನೊಳಗೆ ಸಿಕ್ಕಿಸಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡು ಇಳಿಯಿರಿ. ಡಿಸೆಂಬರ್‌ನಿಂದ ಮೇವರೆಗೆ ಕಾಟ ಕೊಡುವುದು ಹೆಚ್ಚಾಗಿ ಗಸಗಸೆಯಷ್ಟಿರುವ ಮರಿಗಳು, ಮೈಮೇಲೆ ಹರಿದರೂ ಗೊತ್ತಾಗುವುದಿಲ್ಲ. ಸಂಜೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ತೊಡೆಸಂದು, ಕಂಕುಳು, ಮಂಡಿಯ ಹಿಂದೆ, ಕಿವಿಯ ಹಿಂದೆ ಸವರಿ ನೋಡಿ. ತೋಟದಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಹೂಳಲೂ ಬೇಡಿ. ತಣ್ಣಗಾದ ಮೈಬಿಟ್ಟು ಉಣುಗುಗಳು ಸುತ್ತ ಹರಡಿರುತ್ತವೆ. ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ, ಅವರು ಬರುವವರೆಗೆ ಕೆಲಸದವರನ್ನು ಆ ಕಡೆ ಬಿಡಬೇಡಿ.