ಪುಟ್ಟದು ಮೊದಲೋ, ಮರದ್ದು ಮೊದಲೋ?

ಪ್ರಶ್ನೆ: ಇಂಗ್ಲಿಷಿನಲ್ಲಿ ಒಂದು ವರ್ಣನೆ ಬರೆಯುವಾಗ ‘ಎ ವುಡನ್ ಓಲ್ಡ್ ಸ್ಮಾಲ್ ಬಾಕ್ಸ್’ ಎಂದು ಬರೆದಿದ್ದೆ. ಪದಗಳ ಕ್ರಮ ತಪ್ಪು ಅಂತ ತಿದ್ದಿದರು. ಕನ್ನಡದಲ್ಲಿ ‘ಮರದ ಹಳೆಯ ಪುಟ್ಟ ಪೆಟ್ಟಿಗೆ’ ಅಂದರೆ ನಡೆಯುತ್ತದೆ, ಅಲ್ವಾ? ಗುಣವಾಚಕಗಳ ಪಟ್ಟಿಯನ್ನು ಬಾಯಿಪಾಠ ಮಾಡಿದ್ದೇನೆ, ಆದರೆ ಮಾತಾಡುವಾಗ ಒಂದೂ ನೆನಪಾಗುವುದಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ಮಾತಿನ ಮಧ್ಯೆ ಪಟ್ಟಿ ನೆನೆಸಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.

ಕನ್ನಡದ ಬಗ್ಗೆ ನೀವು ಹೇಳಿದ್ದು ನಿಜ. ನಮ್ಮಲ್ಲಿ ‘ಮರದ’ ಅನ್ನುವುದು ಆಚೀಚೆ ಸರಿದರೂ ಕಿವಿಗೆ ಚುಚ್ಚುವುದಿಲ್ಲ, ‘ದೊಡ್ಡ ಎರಡು ಪೆಟ್ಟಿಗೆ’ ಅಂದರೂ ಸರಿ. ಇಂಗ್ಲಿಷಿನಲ್ಲಿ ‘ಟೂ ಬಿಗ್ ಬಾಕ್ಸಸ್’ ಅಂತಲೇ ಅನ್ನಬೇಕು, ಎಣಿಕೆ ಯಾವಾಗಲೂ ಮುಂದೆ.

ಈಗ ನಿಮ್ಮ ಪೆಟ್ಟಿಗೆಯನ್ನೇ ಕಣ್ಣ ಮುಂದೆ ತಂದುಕೊಳ್ಳಿ. ಅದು ಮರದ್ದು. ಯಾರು ನೋಡಿದರೂ ಮರವೇ. ಬಣ್ಣ ಕಂದು, ಆದರೆ ನಾಳೆ ಬೇರೆ ಬಣ್ಣ ಬಳಿಯಬಹುದು. ಚಿಕ್ಕದು ಅಂತೀರಿ, ಪಕ್ಕದಲ್ಲಿ ಇನ್ನೂ ಚಿಕ್ಕದೊಂದನ್ನು ತಂದಿಟ್ಟರೆ ಇದೇ ದೊಡ್ಡದಾಗಿಬಿಡುತ್ತದೆ. ಇನ್ನು ಚೆಂದ ಅನ್ನುವುದಂತೂ ನಿಮ್ಮ ಕಣ್ಣಿಗೆ ಬಿಟ್ಟಿದ್ದು. ವಸ್ತುವಿನಿಂದ ಬಿಡಿಸಲಾಗದ ಗುಣ ನಾಮಪದಕ್ಕೆ ಅಂಟಿಕೊಂಡು ಕೂರುತ್ತದೆ, ನಿಮ್ಮ ಅಭಿಪ್ರಾಯ ಎಲ್ಲಕ್ಕಿಂತ ದೂರ ನಿಲ್ಲುತ್ತದೆ. ಹಾಗಾಗಿ ‘ಎ ಲವ್ಲಿ ಸ್ಮಾಲ್ ಓಲ್ಡ್ ಬ್ರೌನ್ ವುಡನ್ ಬಾಕ್ಸ್’. ಯಾವ ದೇಶದ್ದು ಅನ್ನುವುದು ಬಣ್ಣಕ್ಕೂ ಯಾತರದ್ದು ಅನ್ನುವುದಕ್ಕೂ ನಡುವೆ ಬರುತ್ತದೆ: ‘ಬ್ಲ್ಯಾಕ್ ಇಟಾಲಿಯನ್ ಲೆದರ್ ಶೂಸ್’. ಯಾತಕ್ಕೆ ಬಳಸುವುದು ಅನ್ನುವ ಪದವಂತೂ ನಾಮಪದದ ಜೊತೆ ಸೇರಿ ಒಂದೇ ಪದದ ಹಾಗೆ ಆಗಿಬಿಡುತ್ತದೆ, ‘ವಾಕಿಂಗ್ ಸ್ಟಿಕ್’ ನೋಡಿ. ಅದರ ಮಧ್ಯೆ ಇನ್ನೊಂದು ಪದ ತೂರಿಸಲು ಆಗುವುದೇ ಇಲ್ಲ.

ಆಕಾರ ಮೊದಲೋ ವಯಸ್ಸು ಮೊದಲೋ ಅಂತ ತಲೆ ಕೆಡಿಸಿಕೊಳ್ಳಬೇಡಿ. ವ್ಯಾಕರಣ ಪುಸ್ತಕಗಳೇ ಅಲ್ಲಿ ಒಂದೊಂದು ಥರ ಹೇಳುತ್ತವೆ. ಎರಡೂ ಅಭಿಪ್ರಾಯದ ಪದಗಳಾದರೆ ‘ನೈಸ್’ ಥರದ ಸಾಮಾನ್ಯ ಪದ ಮುಂದೆ: ‘ಎ ನೈಸ್ ಕಂಫರ್ಟಬಲ್ ಚೇರ್’. ಇನ್ನು ‘ಬಿಗ್ ಬ್ಯಾಡ್ ವುಲ್ಫ್’ ಅನ್ನುವಲ್ಲಿ ಅಳತೆಯೇ ಅಭಿಪ್ರಾಯಕ್ಕಿಂತ ಮುಂದೆ ಬಂದಿದೆ. ‘ಜಿಗ್‌ಜ್ಯಾಗ್’, ‘ಡಿಂಗ್ ಡಾಂಗ್’ ಥರ ‘ಇ’ ಸ್ವರ ಮೊದಲು ಬಂದರೆ ಇಂಗ್ಲಿಷ್ ಕಿವಿಗೆ ಹಿತ, ಅದಕ್ಕೇ ಹೀಗಾಗಿರಬಹುದು ಅಂತ ಕೆಲವರು ಹೇಳುತ್ತಾರೆ.

ಅಲ್ಪವಿರಾಮ ಎಲ್ಲಿ ಅನ್ನುವ ಅನುಮಾನವೂ ಇದರ ಜೊತೆಗೇ ಬರುತ್ತದೆ. ಎರಡು ಪದಗಳ ಮಧ್ಯೆ ‘ಆ್ಯಂಡ್’ ಸೇರಿಸಿ ಓದಿ. ‘ಎ ಕೈಂಡ್ ಆ್ಯಂಡ್ ಆನೆಸ್ಟ್ ಮ್ಯಾನ್’ ಸರಿಯಾಗಿ ಕೇಳಿಸುತ್ತದೆ, ಅಲ್ಲಿ ‘ಆ್ಯಂಡ್’ ಬದಲು ಅಲ್ಪವಿರಾಮ ಹಾಕಿ, ಹಿಂದೆಮುಂದೆ ಮಾಡಿದರೂ ತೊಂದರೆ ಇಲ್ಲ. ‘ಎ ಸ್ಮಾಲ್ ಆ್ಯಂಡ್ ವುಡನ್ ಬಾಕ್ಸ್’ ಎಡವಿದ ಹಾಗಿದೆ. ಅಲ್ಲಿ ಬೇಡ.

ನಿಜ ಹೇಳಬೇಕೆಂದರೆ ಒಂದು ವಸ್ತುವಿಗೆ ಐದು ಪದ ಜೋಡಿಸುವುದು ಪರೀಕ್ಷೆಯಲ್ಲಷ್ಟೇ. ಮಾತಿನಲ್ಲಿ ಎರಡು, ಜಾಸ್ತಿ ಅಂದರೆ ಮೂರು. ದಿನಕ್ಕೊಂದು ವಸ್ತು ಕೈಗೆತ್ತಿಕೊಳ್ಳಿ. ಅದು ಯಾತರದ್ದು ಅನ್ನುವುದರಿಂದ ಶುರು ಮಾಡಿ: ‘ಸ್ಟೀಲ್ ಸ್ಪೂನ್’. ಆಮೇಲೆ ಅದಕ್ಕೂ ಮುಂದೆ ‘ಲಾಂಗ್’ ಸೇರಿಸಿ, ಕೊನೆಗೆ ಎಲ್ಲಕ್ಕೂ ಮುಂದೆ ನಿಮ್ಮ ಅಭಿಪ್ರಾಯ ಇಡಿ. ಪ್ರತಿಸಲ ಜೋರಾಗಿ ಹೇಳಿ, ಸುಮ್ನೆ ಕಣ್ಣಲ್ಲಿ ಓದಿದರೆ ಕಿವಿ ಕಲಿಯುವುದಿಲ್ಲ.