ಟೆಕ್ಸಾಸ್‌ನ ಹೊಲದಲ್ಲಿ ಬೆಳವನ ಬೇಟೆಗೆ ಕಾಳು ಚೆಲ್ಲಬಹುದಾ?

ನಿಮ್ಮ ಪ್ರಶ್ನೆ ಇಷ್ಟು. ಆಸ್ಟಿನ್‌ನಿಂದ ಒಂದು ಗಂಟೆ ದೂರದಲ್ಲಿ 30 ಎಕರೆ ತೆಗೆದುಕೊಂಡಿದ್ದೀರಿ. ಸೆಪ್ಟೆಂಬರ್ 1ಕ್ಕೆ ಬೆಳವನ ಬೇಟೆ ಶುರು. ಆಫೀಸಿನ ಗೆಳೆಯರು ಬರುತ್ತೇವೆ ಅಂದಿದ್ದಾರೆ. ಫೀಡ್ ಅಂಗಡಿಯಿಂದ ಎರಡು ಮೂಟೆ ಜೋಳ ತಂದು ಆಗಸ್ಟ್ ಕೊನೆಗೆ ಹೊಲದಲ್ಲಿ ಚೆಲ್ಲಿದರೆ ಹಕ್ಕಿ ತಾವಾಗಿಯೇ ಬರುತ್ತವಲ್ಲ, ಅದರಲ್ಲಿ ತಪ್ಪೇನು ಅಂತ ಕೇಳಿದ್ದೀರಿ. ಈಗಿನ್ನೂ ಜೂನ್ ಮೊದಲ ವಾರ. ಈಗಲೇ ಕೇಳಿದ್ದು ಒಳ್ಳೇದಾಯ್ತು.

ಚೆಲ್ಲಬೇಡಿ. ಒಂದು ಬೊಗಸೆಯನ್ನೂ ಚೆಲ್ಲಬೇಡಿ. ಬೆಳವ ಇಲ್ಲಿ ವಲಸೆ ಹಕ್ಕಿಗಳ ಪಟ್ಟಿಯಲ್ಲಿದೆ, 1918ರ ವಲಸೆ ಹಕ್ಕಿ ಒಪ್ಪಂದದ ಕಾಯ್ದೆ ಅದಕ್ಕೆ ಅನ್ವಯಿಸುತ್ತದೆ. ಅದು ಕೇಂದ್ರದ ಕಾನೂನು, ಟೆಕ್ಸಾಸ್‌ನದ್ದಷ್ಟೇ ಅಲ್ಲ. ಕಾಳು ಚೆಲ್ಲಿ ಕರೆಸಿದ ಹಕ್ಕಿಗೆ ಗುಂಡು ಹಾರಿಸಿದರೆ 15,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಬೇರೆಯವರ ಬೇಟೆಗೆಂದು ಕಾಳು ಚೆಲ್ಲಿಕೊಟ್ಟವರಿಗೆ ಒಂದು ವರ್ಷದವರೆಗೆ ಆಗಬಹುದು. ಅಂದರೆ ಗುಂಡು ಹಾರಿಸಿದ ಗೆಳೆಯನಿಗಿಂತ ಚೆಲ್ಲಿದ ನಿಮಗೇ ಜಾಸ್ತಿ.

ಆದರೆ ಹೊಲ ಸಿದ್ಧ ಮಾಡಲೇಬಾರದು ಅಂತ ಯಾರೂ ಹೇಳುವುದಿಲ್ಲ. ಇಲ್ಲಿ ಎಲ್ಲರೂ ಮಾಡುತ್ತಾರೆ, ರಾಜಾರೋಷವಾಗಿ ಮಾಡುತ್ತಾರೆ. ನನಗೂ ಮೊದಲ ವರ್ಷ ಇದು ತಲೆಗೆ ಹೋಗಲಿಲ್ಲ. ಪಕ್ಕದ ಜಮೀನಿನ ಯಜಮಾನರು ಎಳೆ ಎಳೆಯಾಗಿ ಬಿಡಿಸಿ ಹೇಳಿದ ಮೇಲೆ ಅರ್ಥವಾಯಿತು. ಕಾಳು ಎಲ್ಲಿ ಬೆಳೆಯಿತೋ ಅಲ್ಲೇ ಉದುರಿದರೆ ಸರಿ. ಚೀಲದಿಂದ ಬಂದರೆ ತಪ್ಪು. ಹೊಲದಲ್ಲಿ ನಿಂತ ಬೆಳೆಯನ್ನು ನೀವು ಕತ್ತರಿಸಿ, ಉರುಳಿಸಿ, ಕುಂಟೆ ಹೊಡೆಯಿರಿ, ಬೆಂಕಿ ಇಡಿ, ದನ ಬಿಟ್ಟು ತುಳಿಸಿ, ಬೆಳವನ ಬೇಟೆಗೆ ಅಡ್ಡಿಯಿಲ್ಲ. ಅದೇ ಹೊಲದ ಜೋಳವನ್ನು ಕೊಯ್ದು, ಒಕ್ಕಿ, ಚೀಲಕ್ಕೆ ತುಂಬಿ, ಅದೇ ಹೊಲದ ಮೂಲೆಯಲ್ಲೇ ಇಟ್ಟಿದ್ದು, ಆಮೇಲೆ ಅದೇ ಹೊಲಕ್ಕೆ ಎರಚಿದರೂ ಅದು ಆಮಿಷ. ನಿಮ್ಮದೇ ಬೆಳೆ, ನಿಮ್ಮದೇ ಹೊಲ, ಆದರೂ ಕೇಸು. ಉಪ್ಪು ಇಟ್ಟರೂ ಅಷ್ಟೇ.

ಈಗ ಹಕ್ಕಿಯ ವಿಷಯಕ್ಕೆ ಬರೋಣ. ಹಕ್ಕಿ ಗೊತ್ತಿದ್ದರೆ ಹೊಲದ ಕೆಲಸ ತಾನಾಗಿ ಗೊತ್ತಾಗುತ್ತದೆ. ಇಲ್ಲಿ ಮುಖ್ಯವಾಗಿ ಸಿಗುವುದು ಮೌರ್ನಿಂಗ್ ಡವ್, ಜೊತೆಗೆ ರೆಕ್ಕೆಯಲ್ಲಿ ಬಿಳಿ ಪಟ್ಟಿ ಇರುವ ವೈಟ್‌ವಿಂಗ್. ಮೌರ್ನಿಂಗ್ ಡವ್ ತಿನ್ನುವುದು ಹೆಚ್ಚುಕಮ್ಮಿ ಬರೀ ಬೀಜ. ಕೋಳಿಯ ಹಾಗೆ ಕಾಲಿನಿಂದ ಕೆದಕುವುದು ಅದಕ್ಕೆ ಗೊತ್ತಿಲ್ಲ. ಕಾಲು ಗಿಡ್ಡ. ಹುಲ್ಲು, ಕಸ ದಟ್ಟವಾಗಿರುವ ಕಡೆ ಕಾಳು ಎಷ್ಟೇ ಬಿದ್ದಿರಲಿ, ಇಳಿಯುವುದಿಲ್ಲ. ಬರಿ ಮಣ್ಣು ಕಾಣಬೇಕು, ಮಣ್ಣಿನ ಮೇಲೆ ಕಾಳು ಕಾಣಬೇಕು, ಸುತ್ತ ಬೆಕ್ಕು, ನರಿ ಬಂದರೂ ದೂರದಿಂದ ಕಾಣಬೇಕು. ಅದಕ್ಕೇ ಹೊಸಬರ ಹೊಲದಲ್ಲಿ ಬೆಳೆ ಚೆನ್ನಾಗಿ ಬಂದಿರುತ್ತದೆ, ಹಕ್ಕಿ ಮಾತ್ರ ಪಕ್ಕದ ಹೊಲದಲ್ಲಿರುತ್ತವೆ. ನನ್ನ ಮೊದಲ ವರ್ಷದ ಕಥೆಯೂ ಅದೇ.

ಈಗ ನಾನು ಮಾಡುವ ರೀತಿ ಹೇಳುತ್ತೇನೆ. ನಮ್ಮದು ಎರೆ ಭೂಮಿ. ಟೆಕ್ಸಾಸ್‌ನ ಈ ಪಟ್ಟಿಗೆ ಬ್ಲ್ಯಾಕ್‌ಲ್ಯಾಂಡ್ ಅನ್ನುತ್ತಾರೆ. ನಾನು ರಾಣೆಬೆನ್ನೂರು ಕಡೆಯವನು, ಮೊದಲ ದಿನ ಮಣ್ಣು ಕೈಗೆತ್ತಿಕೊಂಡಾಗ ಊರಿಗೇ ಬಂದ ಹಾಗಾಯ್ತು. ಮಳೆಗೆ ಚಪ್ಪಲಿ ಕಿತ್ತುಕೊಳ್ಳುತ್ತದೆ, ಆಗಸ್ಟಿನಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಇದರಲ್ಲಿ ಏಪ್ರಿಲ್‌ನಲ್ಲಿ ಸೂರ್ಯಕಾಂತಿ ಹಾಕುತ್ತೇನೆ, ಎಣ್ಣೆ ತೆಗೆಯುವ ಸಣ್ಣ ಕಪ್ಪು ಬೀಜದ್ದು. ಸಾಲು ಬಿಟ್ಟು ಹಾಕಿ, ಗಿಡ ಮೊಣಕಾಲೆತ್ತರ ಬರುವವರೆಗೆ ಸಾಲಿನ ನಡುವೆ ಎರಡು ಸಲ ಹರಗುತ್ತೇನೆ. ಕಳೆ ಹೋದರೆ ನೆಲ ಬರಿದಾಗಿರುತ್ತದೆ, ಹಕ್ಕಿಗೆ ಬೇಕಾದದ್ದೂ ಅದೇ. ಜುಲೈ ಕೊನೆಗೆ ಹೂವು ತಲೆ ಬಗ್ಗಿಸಿ ಒಣಗುತ್ತದೆ. ಆಗಸ್ಟ್ ಮೊದಲ ವಾರದಿಂದ ಶ್ರೆಡ್ಡರ್, ಅಂದರೆ ಟ್ರ್ಯಾಕ್ಟರ್ ಹಿಂದೆ ಕಟ್ಟಿ ಗಿಡ ಕತ್ತರಿಸುವ ಯಂತ್ರ, ಇಳಿಸುತ್ತೇನೆ. ಒಂದೇ ಸಲ ಪೂರಾ ಹೊಲ ಹೊಡೆಯುವುದಿಲ್ಲ. ನಾಲ್ಕು ಸಾಲು ಹೊಡೆದು, ನಾಲ್ಕು ಸಾಲು ನಿಲ್ಲಿಸಿ, ವಾರ ಬಿಟ್ಟು ಮತ್ತೆ ನಾಲ್ಕು ಸಾಲು. ಶ್ರೆಡ್ಡರ್ ಹೋದ ಕಡೆ ದಂಟಿನ ಚೂರುಗಳ ನಡುವೆ ಕಪ್ಪು ಕಾಳು ಹರಡಿ ಬಿದ್ದಿರುತ್ತದೆ, ಬಿಸಿಲಿಗೆ ಮಿರಮಿರ ಅನ್ನುತ್ತದೆ. ಎರಡನೇ ದಿನಕ್ಕೆ ಒಂದು ಜೋಡಿ ಬರುತ್ತದೆ. ಹತ್ತನೇ ದಿನಕ್ಕೆ ವಿದ್ಯುತ್ ತಂತಿಯ ಮೇಲೆ ಸಾಲು ಕೂತಿರುತ್ತವೆ. ನಿಂತ ಸಾಲು ಬೇಟೆಗೆ ಬಂದವರಿಗೆ ಮರೆಯೂ ಆಗುತ್ತದೆ.

ನಿಮಗೆ ಸೂರ್ಯಕಾಂತಿಯ ಹೊತ್ತು ದಾಟಿತು. ಅದಕ್ಕೆ ನೂರು ದಿನಕ್ಕೂ ಮೇಲೆ ಬೇಕು. ಬ್ರೌನ್‌ಟಾಪ್ ಮಿಲೆಟ್ ಅಂತ ಒಂದು ಸಿರಿಧಾನ್ಯ ಇದೆ, ನಮ್ಮ ತುಮಕೂರು ಕಡೆಯ ಕೊರಲೆಯೇ ಅದು. ಸುಮಾರು ಎರಡು ತಿಂಗಳಿಗೆ ಕಾಳಾಗುತ್ತದೆ. ಒಂದು ಮಳೆ ನೋಡಿಕೊಂಡು ಈ ತಿಂಗಳಲ್ಲೇ ಕೂರಿಗೆಯಿಂದ ಬಿತ್ತಿಬಿಡಿ. ಹಣವೇ ಬೇಡ ಅಂದರೆ ನಿಮ್ಮ ಹೊಲದಲ್ಲಿ ಬೂದು ಬಣ್ಣದ, ಉಣ್ಣೆಯ ಹಾಗೆ ಮೆತ್ತಗಿನ ಎಲೆಯ ಒಂದು ಕಳೆ ಇದೆಯಾ ನೋಡಿ. ಕ್ರೋಟನ್ ಅದು, ಇಲ್ಲಿಯವರು ಗೋಟ್‌ವೀಡ್, ಡವ್‌ವೀಡ್ ಅನ್ನುತ್ತಾರೆ. ದನ ಮೂಸುವುದಿಲ್ಲ, ರೈತರು ಶಪಿಸುತ್ತಾರೆ, ಬೆಳವಕ್ಕೆ ಪ್ರಾಣ. ಹೋದ ವರ್ಷ ಹಕ್ಕಿ ಸೀಳಿದಾಗ ಗಂಟಲ ಚೀಲದಲ್ಲಿ ನನ್ನ ಸೂರ್ಯಕಾಂತಿ ಆರೋ ಏಳೋ, ಉಳಿದದ್ದೆಲ್ಲ ಈ ಕ್ರೋಟನ್ ಬೀಜ. ನನ್ನ ಡೀಸೆಲ್ ಖರ್ಚು ನೆನೆದು ನಗು ಬಂತು. ತಾನಾಗಿ ಹುಟ್ಟಿದ ಇಂಥ ಗಿಡವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ನೆಲ ಬಿಡಿಸುವುದಕ್ಕೆ ಯಾವ ತಕರಾರೂ ಇಲ್ಲ.

ಗೋಧಿಯ ವಿಷಯದಲ್ಲಿ ಹುಷಾರು. ಹೊಸದಾಗಿ ಬಿತ್ತಿದ ಗೋಧಿ ಹೊಲದಲ್ಲಿ ಬೇಟೆ ಆಡಬಹುದು ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ನಿಜ, ಆದರೆ ಅದು ನಿಜವಾದ ಬಿತ್ತನೆ ಆಗಿರಬೇಕು. ಯಾವ ದಿನಾಂಕ, ಎಕರೆಗೆ ಎಷ್ಟು ಬೀಜ, ಹೇಗೆ ಬಿತ್ತಬೇಕು ಎಲ್ಲವೂ ರಾಜ್ಯದ ಕೃಷಿ ವಿಸ್ತರಣಾ ಸೇವೆಯ ಶಿಫಾರಸಿಗೆ ಹೊಂದಬೇಕು. ಟೆಕ್ಸಾಸ್‌ನಲ್ಲಿ ಅದು ಎ ಅಂಡ್ ಎಂ ವಿಶ್ವವಿದ್ಯಾಲಯದ ಅಗ್ರಿಲೈಫ್ ಎಕ್ಸ್‌ಟೆನ್ಷನ್, ಬಹುತೇಕ ಪ್ರತಿ ಕೌಂಟಿಗೂ (ನಮ್ಮ ಜಿಲ್ಲೆಯ ಹಾಗೆ) ಅವರ ಏಜೆಂಟ್ ಸಿಗುತ್ತಾರೆ. ಗಟ್ಟಿ ನೆಲದ ಮೇಲೆ ಸುಮ್ನೆ ಎರಚಿ, ಹಕ್ಕಿ ತಿಂದು ಮುಗಿಸಿತು ಅಂತ ಮತ್ತೆ ಎರಚಿದರೆ ಅದನ್ನು ಬಿತ್ತನೆ ಅಂತ ಬೇಟೆಯ ಕಾನೂನು ಕಾಯುವ ಯಾವ ಗೇಮ್ ವಾರ್ಡನ್ನೂ ನಂಬುವುದಿಲ್ಲ.

ಇನ್ನೊಂದು ಗುಂಡಿ ಇದೆ, ಅದರಲ್ಲಿ ನಾನೇ ಬಿದ್ದಿದ್ದೆ. ಟೆಕ್ಸಾಸ್‌ನಲ್ಲಿ ಜಿಂಕೆಗೆ ಮೆಕ್ಕೆಜೋಳ ಹಾಕಿ ಬೇಟೆ ಆಡುವುದು ಕಾನೂನುಬದ್ಧ. ಮೂರು ಕಾಲಿನ ಡ್ರಮ್ಮು, ಕೆಳಗೊಂದು ಟೈಮರ್, ಬೆಳಗ್ಗೆ ಸಂಜೆ ಗಿರ್ರನೆ ತಿರುಗಿ ಕಾಳು ಎರಚುತ್ತದೆ. ನನ್ನ ಜಮೀನನ್ನು ಹಿಂದೆ ಜಿಂಕೆ ಬೇಟೆಗೆ ಗುತ್ತಿಗೆ ಹಿಡಿದವರೊಬ್ಬರು ಅಂಥದ್ದೊಂದನ್ನು ಮರಗಳ ನಡುವೆ ಬಿಟ್ಟು ಹೋಗಿದ್ದರು. ಖಾಲಿ ಇರಬೇಕು ಅಂದುಕೊಂಡಿದ್ದೆ. ಆಗಸ್ಟ್ 26ರ ಸಂಜೆ ಬೇಲಿ ನೋಡಲು ಹೋದಾಗ ಗಿರ್ರ್ ಅಂತ ಸದ್ದು. ಯಾರೋ ತುಂಬಿಸಿದ್ದಾರೆ! ಅಲ್ಲಿಂದ ಸೂರ್ಯಕಾಂತಿ ಹೊಲ ಕಾಣುತ್ತದೆ. ಇಷ್ಟು ಗಜ ದೂರ ಇದ್ದರೆ ಪರವಾಗಿಲ್ಲ ಅಂತ ಕಾನೂನಿನಲ್ಲಿ ಲೆಕ್ಕವಿಲ್ಲ. ಆ ಕಾಳಿಗೆ ಬರುವ ಹಕ್ಕಿ ನಿಮ್ಮ ತಲೆ ಮೇಲೆ ಹಾದು ಹೋಗುವಂತಿದ್ದರೆ ಮುಗಿಯಿತು. ಕಾಳು ಪೂರ್ತಿ ತೆಗೆದ ಮೇಲೂ ಹತ್ತು ದಿನ ಆ ಜಾಗ ಆಮಿಷ ಹಾಕಿದ ಜಾಗವೇ. ಟಾರ್ಚ್ ಹಿಡಿದು, ಅಂಗಡಿಯಿಂದ ತಂದ ವ್ಯಾಕ್ಯೂಮ್ ಇಟ್ಟುಕೊಂಡು, ಆ ಎರೆ ಮಣ್ಣಿನ ಬಿರುಕಿನೊಳಗಿನ ಕಾಳನ್ನೂ ಕೆದಕಿ ತೆಗೆದೆ. ಮುಗಿದಾಗ ರಾತ್ರಿ ಹನ್ನೊಂದು. ಹತ್ತು ದಿನ ಎಣಿಸಿದರೆ ಸೆಪ್ಟೆಂಬರ್ 5. ಗೆಳೆಯರಿಗೆಲ್ಲ ಫೋನ್ ಮಾಡಿ 6ಕ್ಕೆ ಬನ್ನಿ ಅಂದೆ. ಇಬ್ಬರು ಮುನಿಸಿಕೊಂಡರು. ಯಾರು ನೋಡುತ್ತಾರೆ ಬಿಡು ಅಂದರು. ಇಲ್ಲಿನ ಗೇಮ್ ವಾರ್ಡನ್‌ಗಳು ಸೆಪ್ಟೆಂಬರ್ 1ರಂದು ಮಲಗುವವರಲ್ಲ.

ಗೊತ್ತಿರಲಿಲ್ಲ ಅಂದರೆ ಬಿಡುತ್ತಾರಾ ಅಂತ ಕೇಳಬಹುದು. 1998ರವರೆಗೆ ಗೊತ್ತಿಲ್ಲ ಅನ್ನುವುದಕ್ಕೆ ಬಹುತೇಕ ಬೆಲೆಯೇ ಇರಲಿಲ್ಲ. ಆ ವರ್ಷ ತಿದ್ದುಪಡಿ ಆಯಿತು. ಈಗ, ಗೊತ್ತಿತ್ತು ಅಥವಾ ಸ್ವಲ್ಪ ಕಣ್ಣು ಬಿಟ್ಟಿದ್ದರೆ ಗೊತ್ತಾಗಬೇಕಿತ್ತು ಅನ್ನುವ ಹಾಗಿದ್ದರೆ ತಪ್ಪು. ಜಮೀನಿನ ಮಾಲೀಕರಿಗೆ ಆ ಎರಡನೇ ಮಾತು ಬಲು ಭಾರ. ಆದ್ದರಿಂದ ಬೇಟೆಯ ಹಿಂದಿನ ವಾರ ಹೊಲ ಪೂರ್ತಿ ಕಾಲ್ನಡಿಗೆಯಲ್ಲಿ ಸುತ್ತಿ, ಬದು, ಮರದ ಬುಡ, ನೀರಿನ ಹತ್ತಿರ ಎಲ್ಲ ನೋಡಿ. ಅಂದ ಹಾಗೆ ನಿಮ್ಮ ಜಮೀನಿನ ಹೊಂಡವನ್ನು ಇಲ್ಲಿಯವರು 'ಟ್ಯಾಂಕ್' ಅನ್ನುತ್ತಾರೆ, ನಮ್ಮ ಕೆರೆಗಳಿಗೆ ಬ್ರಿಟಿಷರು ಇಟ್ಟ ಹೆಸರೇ. ಅದರ ದಡದ ಒಂದು ಕಡೆ ಹುಲ್ಲು ತೆಗೆಸಿ, ಸಂಜೆ ನೀರಿಗೆ ಇಳಿಯುತ್ತವೆ. ಆದರೆ ನಿಮ್ಮ ಹೊಲದಲ್ಲಿ ನೀವು ಕತ್ತರಿಸಿ ಕೆಡವಿದ ಬೆಳೆ ಇದ್ದರೆ ಅಲ್ಲಿ ಬಾತುಕೋಳಿಗೆ ಗುಂಡು ಹಾರಿಸುವಂತಿಲ್ಲ. ಬೆಳವಕ್ಕೆ ಇರುವ ಆ ವಿನಾಯಿತಿ ಬಾತಿಗಿಲ್ಲ. ಸೆಪ್ಟೆಂಬರ್‌ನಲ್ಲೇ ಸಣ್ಣ ಬಾತು ಟೀಲ್‌ನ ಬೇಟೆಯೂ ಶುರುವಾಗುವುದರಿಂದ ಜನ ಇಲ್ಲೇ ಎಡವುತ್ತಾರೆ.

ಇಷ್ಟೊಂದು ಬಿಗಿ ಯಾಕೆ ಅಂತ ನನಗೂ ಮೊದಲು ಸಿಟ್ಟು ಬಂದಿತ್ತು. ಈ ದೇಶದಲ್ಲಿ ಆಕಾಶ ಮುಚ್ಚುವಷ್ಟು ಪ್ಯಾಸೆಂಜರ್ ಪಾರಿವಾಳ ಇದ್ದವು. ಕಾಳು, ಉಪ್ಪು ಹಾಕಿ ಕರೆದು, ಬಲೆ ಬೀಸಿ, ಗುಂಡು ಹಾರಿಸಿ ಮುಗಿಸಿದರು. ಕೊನೆಯದು ಸಿನ್ಸಿನಾಟಿ ಮೃಗಾಲಯದಲ್ಲಿ ಸತ್ತದ್ದು 1914ರ ಸೆಪ್ಟೆಂಬರ್ 1ರಂದು. ಬೇಟೆ ಶುರುವಾಗುವ ದಿನಾಂಕವೂ ಅದೇ ಆಗಿರುವುದು ಕಾಕತಾಳೀಯ ಇರಬಹುದು, ನನಗೆ ಮಾತ್ರ ಪ್ರತಿ ವರ್ಷ ನೆನಪಾಗುತ್ತದೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಟೆಕ್ಸಾಸ್‌ನಲ್ಲಿ ಒಬ್ಬರಿಗೆ ದಿನಕ್ಕೆ 15 ಹಕ್ಕಿ. ಶಾಟ್‌ಗನ್‌ನಲ್ಲಿ ಮೂರಕ್ಕಿಂತ ಹೆಚ್ಚು ತೋಟಾ ಹಿಡಿಯಬಾರದು. ಸೂರ್ಯ ಮುಳುಗಿದ ಮೇಲೆ ಕೋವಿ ಕೆಳಗೆ.  ಹಂಟಿಂಗ್ ಲೈಸೆನ್ಸ್ ಜೊತೆ ವಲಸೆ ಹಕ್ಕಿಯ ಬೇಟೆಗೆ ಬೇರೆಯಾಗಿ ಪಡೆಯುವ ಎಂಡಾರ್ಸ್‌ಮೆಂಟ್ ಬೇಕು. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಷನ್ ಕೋರ್ಸ್ ಮಾಡಿರಬೇಕು. ನಿಮ್ಮದು 30 ಎಕರೆ ಅಂದಿರಿ, ಚರೆ ಇನ್ನೂರು ಗಜದಾಚೆಗೂ ಹೋಗಿ ಬೀಳುತ್ತದೆ. ಪಕ್ಕದವರ ಗಡಿ ದಾಟಿಸಿದರೆ ಅದೂ ಅಪರಾಧ, ಅವರ ಲಿಖಿತ ಒಪ್ಪಿಗೆ ಇದ್ದರೆ ಬೇರೆ ಮಾತು. ಹಾಗಾಗಿ ಬಂದವರನ್ನು ಹೊಲದ ಅಂಚಿನಲ್ಲಿ ಕೂರಿಸಿ, ಒಳಮುಖವಾಗಿ. ಗೆಳೆಯರಲ್ಲಿ ಎಚ್-1ಬಿ, ಎಫ್-1 ವೀಸಾದವರಿದ್ದರೆ ಬಂದೂಕು ಮುಟ್ಟುವ ಮೊದಲೇ ವಕೀಲರನ್ನು ಕೇಳಲಿ. ಕೇಂದ್ರದ ಕಾನೂನು ಅವರಿಗೆ ಬಂದೂಕು, ತೋಟಾ ಎರಡನ್ನೂ ನಿಷೇಧಿಸುತ್ತದೆ. ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ, ಆದರೆ ವೀಸಾ ವಿಷಯದಲ್ಲಿ ನನ್ನಂಥವನ ಮಾತು ನಂಬಬೇಡಿ.

ಕುತ್ತಿಗೆಯ ಹಿಂದೆ ಕಪ್ಪು ಅರ್ಧ ಉಂಗುರ ಇರುವ ಬೆಳವ ಕಂಡರೆ ಅದು ನಮ್ಮೂರಿನದೇ. 1970ರ ದಶಕದಲ್ಲಿ ಬಹಾಮಾಸ್‌ನಲ್ಲಿ ಪಂಜರದಿಂದ ತಪ್ಪಿಸಿಕೊಂಡು, ಫ್ಲೋರಿಡಾಕ್ಕೆ ಹಾರಿ, ಈಗ ಅಮೆರಿಕದ ಬಹುಭಾಗಕ್ಕೆ ಹಬ್ಬಿದೆ. ಟೆಕ್ಸಾಸ್‌ನಲ್ಲಿ ಅದಕ್ಕೆ ದಿನದ ಮಿತಿಯಿಲ್ಲ. ಅದೇ ಹಕ್ಕಿಯನ್ನು ರಾಣೆಬೆನ್ನೂರಿನಲ್ಲಿ ಹೊಡೆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಒಳಗೆ ಹೋಗಬೇಕು. ನಾನು ಅದಕ್ಕೆ ಇಲ್ಲಿಯೂ ಕೋವಿ ಎತ್ತುವುದಿಲ್ಲ, ಯಾಕೋ ಕೈ ಬರುವುದಿಲ್ಲ.

ಆ ಎರಡು ಮೂಟೆ ಜೋಳ ಆಗಲೇ ತಂದುಬಿಟ್ಟಿದ್ದರೆ ಅಂಗಡಿಗೆ ವಾಪಸ್ ಕೊಡಿ. ತೆಗೆದುಕೊಳ್ಳದಿದ್ದರೆ ಕೋಳಿ ಸಾಕಿದವರಿಗೆ ಕೊಡಿ. ಅವರ ಕೋಳಿಗೂಡು ನಿಮ್ಮ ಹೊಲದ ಪಕ್ಕದಲ್ಲಿದ್ದರೆ ಮಾತ್ರ ಬೇರೆ ಯಾರನ್ನಾದರೂ ಹುಡುಕಿ.